ಡೈರಿ ಬಾಗಿಲಿನ ಕಾರ್ಪೆಟ್ಟು

ಧರ್ಮೇಂದ್ರನ ಜೊತೆ ಮದುವೆಗೆ ಹೋಗಬಾರದು. ಗಂಡು ಹೆಣ್ಣು ಹೇಗಿದ್ದಾರೆಂದು ನೋಡುವುದಿಲ್ಲ, ಊಟ ಯಾವ ಕಡೆ ಎಂದು ಕೇಳುವುದಿಲ್ಲ, ಒಳಗೆ ಕಾಲಿಟ್ಟ ಕೂಡಲೇ ನೆಲ ನೋಡುತ್ತಾನೆ. ಕಾರ್ಪೆಟ್ಟು ಹಾಸಿದ್ದರಂತೂ ಮುಗಿಯಿತು. ಕುಕ್ಕರಗಾಲಿನಲ್ಲಿ ಕೂತು, ಅದರ ಎಳೆಗಳನ್ನು ಬೆರಳಿನಿಂದ ಬಗೆದು, ಬುಡದಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಹುಡುಕುತ್ತಾನೆ. ಹೊಳೆನರಸೀಪುರದಲ್ಲಿ ಒಂದು ಆರತಕ್ಷತೆಗೆ ಹೋಗಿದ್ದಾಗ ಹೀಗೆಯೇ ಕೂತ. ಪಕ್ಕದಲ್ಲಿದ್ದ ಹೆಂಗಸೊಬ್ಬರು, "ಏನ್ ಬೀಳುಸ್ಕಂಡ್ರಪ್ಪ, ಉಂಗ್ರನಾ?" ಎಂದು ಪಾಪ ತಾವೂ ಬಗ್ಗಿ ಹುಡುಕತೊಡಗಿದರು. "ಇಲ್ಲಮ್ಮ, ಮಣ್ಣು ನೋಡ್ತಿದ್ದೆ" ಅಂದ ಇವನು. ಆಕೆ ನನ್ನ ಮುಖ ನೋಡಿದರು. ಇವನು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ನಾನು ಐಸ್‌ಕ್ರೀಮಿನ ಕಡೆ ನಡೆದುಬಿಟ್ಟೆ.

ನಾನು ಶಾಂತರಾಜು. ಹಾಸನದ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ ಕಾರ್ಪೆಟ್ಟಿನ ನೂಲು ಮಾಡುವ ಕಾರ್ಖಾನೆಯೊಂದಿದೆ, ಅದರ ಸ್ಟೋರ್ಸ್ ನೋಡಿಕೊಳ್ಳುವವನು. ನಮ್ಮಲ್ಲಿ ಉಣ್ಣೆಯೂ ಇಲ್ಲ, ಹತ್ತಿಯೂ ಇಲ್ಲ. ಮೂಟೆಗಳಲ್ಲಿ ನೈಲಾನ್ ಹರಳು ಬರುತ್ತದೆ, ನೋಡಲು ಸಬ್ಬಕ್ಕಿಯ ಹಾಗೆ. ಅದನ್ನು ಕರಗಿಸಿ, ತೂತುಗಳಿರುವ ಉಕ್ಕಿನ ಬಿಲ್ಲೆಯ ಮೂಲಕ ಒತ್ತಿದರೆ ಎಳೆಎಳೆಯಾಗಿ ಕೆಳಗಿಳಿಯುತ್ತದೆ. ಒತ್ತು ಶಾವಿಗೆ ತಿಂದ ನಮ್ಮ ಕಡೆಯವರಿಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ಲೆಯ ತೂತು ಹೇಗಿದೆಯೋ ಎಳೆಯ ಆಕಾರ ಹಾಗೆ. ಧರ್ಮೇಂದ್ರ ನಮ್ಮ ಲ್ಯಾಬಿನಲ್ಲಿ ಟೆಕ್ನೀಷಿಯನ್. ದುದ್ದದ ಹತ್ತಿರದ ಹಳ್ಳಿಯವನು, ಡಿಪ್ಲೊಮಾ ಮುಗಿಸಿ ಬಂದು ಸೇರಿದವನು. ಅವನಿಗೆ ಆ ತೂತುಗಳ ಹುಚ್ಚು ಹಿಡಿದಿತ್ತು.

ಒಂದು ದಿನ ಕ್ಯಾಂಟೀನಿನಲ್ಲಿ ಗಾಜಿನ ಲೋಟಕ್ಕೆ ನೀರು ತುಂಬಿ, ಅದರ ಹಿಂದೆ ಒಂದು ಸಾಸಿವೆ ಕಾಳಿಟ್ಟು ನನ್ನನ್ನು ಕರೆದ.

"ನೋಡು ಶಾಂತಣ್ಣ, ಎಷ್ಟು ದಪ್ಪ ಕಾಣ್ತದೆ. ದುಂಡು ಎಳೆನೂ ಹಿಂಗೇ. ಹಿಂದ್ಗಡೆ ಒಂಚೂರು ಮಣ್ಣಿದ್ರೆ ಅದುನ್ನ ದೊಡ್ಡದು ಮಾಡಿ ತೋರುಸ್ತದೆ. ಕಾರ್ಪೆಟ್ಟು ಅಷ್ಟೊಂದು ಕೊಳೆ ಆಗಿರಲ್ಲ, ಕಾಣ್ತದೆ ಅಷ್ಟೆ."

"ಗುಡಿಸಿದ್ರಾಯ್ತು ಬಿಡಯ್ಯ" ಅಂದೆ.

ಅವನಿಗೆ ಕೋಪ ಬಂತು. ಎಳೆಯೊಳಗೆ ಉದ್ದಕ್ಕೂ ಕಣ್ಣಿಗೆ ಕಾಣದಷ್ಟು ಸಣ್ಣ ಪೊಳ್ಳು ಬಿಟ್ಟರೆ, ಒಳಗೆ ಹೋದ ಬೆಳಕು ಅಲ್ಲಲ್ಲೇ ಚೆಲ್ಲಾಡಿ ಹೋಗುತ್ತದೆ, ಹಿಂದಿರುವ ಮಣ್ಣು ಕಣ್ಣಿಗೆ ಬೀಳುವುದಿಲ್ಲ ಎಂದು ವಿವರಿಸಿದ. ಹೊರದೇಶದವರು ಇದನ್ನು ಎಂದೋ ಮಾಡಿ ಮುಗಿಸಿದ್ದಾರಂತೆ. ಆದರೆ ಅವರದು ಬೂಟಿನ ಕೊಳೆ, ನಮ್ಮದು ಬರಿಗಾಲಿನ ಎಣ್ಣೆ, ಅರಿಸಿನ, ಕುಂಕುಮ, ಕೆಮ್ಮಣ್ಣು. ನಮ್ಮ ಕೊಳೆಗೆ ನಮ್ಮದೇ ಎಳೆ ಬೇಕು ಎನ್ನುವುದು ಅವನ ವಾದ. ಕೊಳೆಗೂ ದೇಶಾಭಿಮಾನ ಬೇಕಾ ಎಂದು ನಾನು ನಕ್ಕೆ. ಅವನು ನಗಲಿಲ್ಲ.

ತೊಂದರೆ ಇದ್ದದ್ದು ಒಂದೇ. ಪೊಳ್ಳು ದೊಡ್ಡದಾದಷ್ಟೂ ಕೊಳೆ ಚೆನ್ನಾಗಿ ಮುಚ್ಚಿಕೊಳ್ಳುತ್ತದೆ, ಆದರೆ ಎಳೆಯ ಗೋಡೆ ತೆಳುವಾಗಿ, ತುಳಿದರೆ ಅಪ್ಪಚ್ಚಿಯಾಗುತ್ತದೆ. ಪೊಳ್ಳು ಚಿಕ್ಕದಾದರೆ ಎಳೆ ಗಟ್ಟಿ, ಕೊಳೆ ಸ್ವಲ್ಪ ಕಾಣುತ್ತದೆ. ಎಲ್ಲಿ ನಿಲ್ಲಿಸಬೇಕು? ಅದಕ್ಕಾಗಿ ಅವನು ವರ್ಷಗಟ್ಟಲೆ ತೂತಿನ ಚಿತ್ರ ಬರೆದು, ಅಳಿಸಿ, ಮತ್ತೆ ಬರೆದ. ಕೊನೆಗೆ ಎರಡು ಉಳಿದವು. ಒಂದಕ್ಕೆ ತೆಳು ಗೋಡೆ, ಇನ್ನೊಂದಕ್ಕೆ ದಪ್ಪ ಗೋಡೆ. ಲ್ಯಾಬಿನಲ್ಲಿ, ತುಳಿತಕ್ಕೆ ತಡೆಯುತ್ತದೆಯೇ ಎಂದು ನೋಡಲು ಉರುಳುವ ಡ್ರಮ್ಮಿನೊಳಗೆ ಹಾಕಿ ತಿರುಗಿಸಿದಾಗ ದಪ್ಪ ಗೋಡೆಯದು ಪಾಸಾಯಿತು, ತೆಳು ಗೋಡೆಯದು ಪಾಸೂ ಅಲ್ಲ ಫೇಲೂ ಅಲ್ಲ ಎನ್ನುವಂತೆ ನಿಂತಿತು.

ಲ್ಯಾಬಿನ ಮುಖ್ಯಸ್ಥ ಗೌರೀಶಂಕರ ಕೆಟ್ಟವರಲ್ಲ. ತೊಂದರೆ ತನ್ನ ಮೇಜಿಗೆ ಬರಬಾರದು ಎನ್ನುವ ಜಾತಿಯ ಮನುಷ್ಯ, ಅಷ್ಟೆ. "ಡ್ರಮ್ಮು ಏನಾದ್ರೂ ಹೇಳ್ಲಿ, ಜನ ನಡೆದಾಡಿದ್ಮೇಲೆ ನೋಡೋಣ. ಎಲ್ಲಾದ್ರೂ ಹಾಸಿಸಿ" ಅಂದರು. ಇದರ ಮೇಲೆ ಏನು ನಿಂತಿದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಈ ಎಳೆ ಗೆದ್ದರೆ ಕಾರ್ಖಾನೆಯಲ್ಲಿ ನಮ್ಮದೇ ವಿನ್ಯಾಸದ ವಿಭಾಗ ಶುರುವಾಗುತ್ತದೆ, ಧರ್ಮೇಂದ್ರ ಅದರಲ್ಲಿರುತ್ತಾನೆ. ಸೋತರೆ ಎಂದಿನಂತೆ ಹೊರಗಿನಿಂದ ಸಿದ್ಧ ಬಿಲ್ಲೆ ತರಿಸುವುದು, ಇಂಥ ಕೆಲಸಕ್ಕೆ ಇನ್ನು ಯಾರೂ ಕೈ ಹಾಕುವಂತಿಲ್ಲ. ಮೇಲಿನವರು ಅದನ್ನು ಬಾಯಿಬಿಟ್ಟೇ ಹೇಳಿದ್ದರು.

ಕಾರ್ಪೆಟ್ಟು ಹಾಸಲು ಅವನು ತನ್ನೂರಿನ ಹಾಲಿನ ಡೈರಿಯನ್ನು ಆರಿಸಿಕೊಂಡ. ಯೋಚಿಸಿಯೇ ಆರಿಸಿದ. ಊರಿನ ಎಲ್ಲಾ ಕೇರಿಯವರೂ ಬೆಳಿಗ್ಗೆ ಸಂಜೆ ಒಂದೇ ಬಾಗಿಲಿನಲ್ಲಿ ಹೋಗಿ ಬರುವ ಜಾಗ ಅದೊಂದೇ. ಕೊಟ್ಟಿಗೆಯಿಂದ ನೇರವಾಗಿ ಕ್ಯಾನು ಹಿಡಿದು ಬರುತ್ತಾರೆ, ಕಾಲಲ್ಲಿ ಸಗಣಿ ಇರುತ್ತದೆ, ಹಾಲು ಚೆಲ್ಲುತ್ತದೆ, ಮಳೆಗಾಲದಲ್ಲಿ ಕೆಸರು. ಇಲ್ಲಿ ಉಳಿದರೆ ಎಲ್ಲಿ ಹಾಸಿದರೂ ಉಳಿಯುತ್ತದೆ ಅಂದ.

ಸ್ಟೋರ್ಸಿನಿಂದ ಮಾಲು ಹೋಗಬೇಕಾಗಿದ್ದರಿಂದ ವ್ಯಾನಿನಲ್ಲಿ ನಾನೂ ಹೋಗಿದ್ದೆ. ಎರಡೂ ತುಂಡುಗಳನ್ನು ಪಕ್ಕಪಕ್ಕ ಸೇರಿಸಿ ಡೈರಿಯ ಬಾಗಿಲಿನಿಂದ ಹಾಲು ಅಳೆಯುವ ಮೇಜಿನ ತನಕ ಹಾಸಿದೆವು. ತಿಳಿ ಬೂದು ಬಣ್ಣ, ನೋಡಲು ಬಹಳ ಚೆನ್ನಾಗಿತ್ತು. ಸಂಜೆ ಹಾಲು ಹಾಕಲು ಬಂದ ಜನ ಹೊರಗೇ ಗುಂಪಾಗಿ ನಿಂತುಬಿಟ್ಟರು. ಡೈರಿಯ ಸೆಕ್ರೆಟರಿ ರಂಗಸ್ವಾಮಿ ಊರಿನ ಜಮೀನ್ದಾರರ ಮನೆಯವರು, ದೊಡ್ಡ ದನಿ.

"ಏನ್ಲಾ ಧರ್ಮ, ಮದ್ವೆ ಮನೆ ಮಾಡ್ಬುಟ್ಟಲ್ಲೋ ನಮ್ ಡೈರಿನ!"

"ಎಲ್ಲಾರೂ ಇದರ ಮೇಲೇ ಬನ್ನಿ" ಎಂದ ಧರ್ಮೇಂದ್ರ. ಅವನಿಗೆ ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ, ಕಿವಿ ಕೆಂಪಾಗಿತ್ತು. "ಚಪ್ಲಿ ಬಿಡಬ್ಯಾಡಿ. ಸಗಣಿ ಕಾಲಾದ್ರೂ ಪರವಾಗಿಲ್ಲ, ಅಂಗೇ ಬನ್ನಿ."

"ಆಯ್ತು ಕಣ್ಲಾ, ಅದೇನ್ ದೊಡ್ ಇಚಾರ. ನಿಂಗ್ಯಾಕೆ, ನಾನ್ ನೋಡ್ಕತೀನಿ ಬುಡು" ಅಂದರು ರಂಗಸ್ವಾಮಿ.

ಅಲ್ಲಿಂದ ಅವನ ಮನೆಗೆ ಹೋದೆವು. ಅಪ್ಪ ಲಕ್ಕಯ್ಯ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಲಕ್ಕಯ್ಯನವರ ಫೋಟೊ. ತಾಯಿ ಸಣ್ಣಕ್ಕ ನನಗೆ ಕಾಫಿ ಕೊಟ್ಟು ಹೊಸಿಲ ಹತ್ತಿರ ಕೂತರು. ಸಣ್ಣಗಿನ ಹೆಂಗಸು, ಸೊಂಟ ಸ್ವಲ್ಪ ಬಾಗಿದೆ. ಹುಡುಗಿಯಾಗಿದ್ದಾಗಿನಿಂದ ಊರೊಳಗಿನ ಮನೆಗಳ ಕೊಟ್ಟಿಗೆ ಬಾಚಿದವರು, ಈಗ ಡೈರಿಯ ನೆಲ ತೊಳೆದು ಕ್ಯಾನು ಉಜ್ಜುತ್ತಾರೆ. ಮಗ ಬೇಡವೆಂದರೂ ಬಿಟ್ಟಿಲ್ಲ. ಕೊಳೆ ಎಂದರೆ ಬೇರೆಯವರು ಮಾಡುವುದು, ತಾನು ತೆಗೆಯುವುದು. ಆಕೆಯ ಬದುಕಿನಲ್ಲಿ ಅದಕ್ಕೆ ಮೂರನೆಯ ಅರ್ಥವೇ ಇರಲಿಲ್ಲ.

"ಅದ್ ಯಾಕ್ ಆಸಿರೋದ್ಲಾ ಅಲ್ಲಿ?" ಎಂದು ಕೇಳಿದರು.

"ಪರೀಕ್ಷೆಗೆ ಕಣವ್ವ. ಮಳೆಗಾಲ ಕಳುದ್ಮೇಲೆ ದೊಡ್ಡೋರು ತಕ್ಕಂಡೋಗಿ ನೋಡ್ತಾರೆ. ಅದ್ರಲ್ಲಿ ಕೊಳೆ ಕಾಣ್ಬಾರ್ದು. ಕಂಡ್ರೆ ನನ್ ಕೆಲ್ಸ ಕೆಟ್ಟಂಗೇಯ."

ಸಣ್ಣಕ್ಕ ತಲೆಯಾಡಿಸಿದರು. ಅರ್ಥವಾಯಿತು ಎನ್ನುವ ತಲೆಯಾಡಿಸುವಿಕೆ ಅದು. ನಾವಿಬ್ಬರೂ ಕಾಫಿ ಕುಡಿದು ಹಾಸನಕ್ಕೆ ಬಂದೆವು.

ಆ ಮಳೆಗಾಲದಲ್ಲಿ ಧರ್ಮೇಂದ್ರ ಕೆಲವು ಭಾನುವಾರ ಊರಿಗೆ ಹೋಗಿ ಬಂದ. ಅವನು, ಹೆಂಡತಿ ಭಾನುಪ್ರಿಯಾ ಹಾಸನದಲ್ಲಿ ಬಾಡಿಗೆ ಮನೆಯಲ್ಲಿದ್ದರು. ಬಸ್ಸು ಹಿಡಿದು ಹೋಗುವಷ್ಟರಲ್ಲಿ ಬೆಳಗಿನ ಹಾಲು ಮುಗಿದಿರುತ್ತಿತ್ತು, ಸಂಜೆಯ ಹಾಲಿಗೆ ಮುಂಚೆ ಅವನು ಮರಳಿ ಬಸ್ಸು ಹತ್ತಿರುತ್ತಿದ್ದ. ಡೈರಿಯ ಕಿಟಕಿಯಲ್ಲಿ ಇಣುಕಿ ನೋಡಿದರೆ ಕಾರ್ಪೆಟ್ಟು ಹಾಸಿದಂತೆಯೇ ಇದೆ, ಎಳೆ ನಿಮಿರಿ ನಿಂತಿದೆ, ಕೊಳೆ ಕಾಣುವುದಿಲ್ಲ. ಸೋಮವಾರ ಬಂದು ನನ್ನ ಕೌಂಟರಿನ ಮೇಲೆ ಕೈ ಬಡಿಯುತ್ತಿದ್ದ. "ಶಾಂತಣ್ಣ, ಏನೂ ಕಾಣ್ತಿಲ್ಲ! ತೆಳು ಗೋಡೆದೂ ನಿಂತಿದೆ!" ಅವನು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ.

ಮಳೆಗಾಲ ಕಳೆದ ಮೇಲೆ ತುಂಡುಗಳು ಲ್ಯಾಬಿಗೆ ವಾಪಸು ಬಂದವು. ಲ್ಯಾಬಿನಲ್ಲಿ ಬಣ್ಣ ಅಳೆಯುವ ಯಂತ್ರವಿದೆ. ಅದು ಮೇಲಿನಿಂದ ನೋಡಿ, ಹೊಸತಾಗಿದ್ದಾಗಿನ ಬಣ್ಣಕ್ಕೂ ಈಗಿನ ಬಣ್ಣಕ್ಕೂ ಎಷ್ಟು ವ್ಯತ್ಯಾಸ ಎಂದು ಹೇಳುತ್ತದೆ. ವ್ಯತ್ಯಾಸ ಇಲ್ಲವೇ ಇಲ್ಲ ಅಂದಿತು. ಗೌರೀಶಂಕರ ಲ್ಯಾಬಿನವರಿಗೆಲ್ಲಾ ಸಿಹಿ ತರಿಸಿದರು. ಕೊಳೆಯನ್ನು ಮುಚ್ಚಿಡುವ ಎಳೆ ಬೇರೆ, ಕೊಳೆಯೇ ಸೋಕದ ಎಳೆ ಬೇರೆ. ಆ ಯಂತ್ರದ ಕಣ್ಣಿಗೆ ಎರಡೂ ಒಂದೇ. ಇದು ಯಾರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದ ಅವಶ್ಯಕತೆಯೂ ಇರಲಿಲ್ಲ, ಏಕೆಂದರೆ ಎಲ್ಲರಿಗೂ ಬೇಕಾಗಿದ್ದ ಉತ್ತರವೇ ಬಂದಿತ್ತು. ತೆಳು ಗೋಡೆಯ ಎಳೆಗೆ ಕಡಿಮೆ ನೈಲಾನ್ ಸಾಕು, ಕೊಳೆಯೂ ಹೆಚ್ಚು ಮುಚ್ಚುತ್ತದೆ. ಅದನ್ನೇ ಆರಿಸಿದರು. ದೊಡ್ಡ ಯಂತ್ರಕ್ಕೆ ದೊಡ್ಡ ಬಿಲ್ಲೆಗಳು ಬಂದವು. ಚನ್ನರಾಯಪಟ್ಟಣದ ಹೊಸ ಕಲ್ಯಾಣ ಮಂಟಪವೊಂದಕ್ಕೆ, ಅರಕಲಗೂಡಿನ ಬಟ್ಟೆ ಅಂಗಡಿಯೊಂದಕ್ಕೆ ಮೊದಲ ಕಾರ್ಪೆಟ್ಟುಗಳು ಹೋದವು. ಲಾರಿ ಗೇಟು ದಾಟುವಾಗ ಧರ್ಮೇಂದ್ರ ಊಟ ಬಿಟ್ಟು ಬಂದು ನೋಡುತ್ತಾ ನಿಂತಿದ್ದ.

ಅವರೆಕಾಯಿ ಕಾಲದಲ್ಲಿ ಸಣ್ಣಕ್ಕ ನನ್ನನ್ನು ಊಟಕ್ಕೆ ಕರೆದರು. ಹಿತಕಿದ ಬೇಳೆ ಸಾರು, ಮುದ್ದೆ. ಇಂಥ ಕರೆಯನ್ನು ನಾನು ಬಿಡುವವನಲ್ಲ. ಇಬ್ಬರೂ ಕೂತು ಮುದ್ದೆ ಮುರಿಯುತ್ತಿದ್ದೆವು. ಮಗನ ಎಳೆ ಗೆದ್ದ ಸುದ್ದಿ ಊರಿಗೆಲ್ಲಾ ಮುಟ್ಟಿತ್ತು. ಸಣ್ಣಕ್ಕನ ಮುಖದಲ್ಲಿ ಅದು ಕಾಣುತ್ತಿತ್ತು.

"ಗೆಲ್ದೆ ಏನ್ ಮಾಡಾತು ಸಾ" ಎಂದು ನನಗೆ ಸಾರು ಬಡಿಸುತ್ತಾ ಹೇಳಿದರು. "ನಾವೇನ್ ಕಡ್ಮೆ ಕಷ್ಟ ಬಿದ್ದಿದ್ದೀವಾ ಅದುಕ್ಕೆ? ಸಂಜೆ ಹಾಲ್ ಮುಗೀತಿದ್ದಂಗೆ ಎತ್ತಿ, ಒದ್ರಿ, ಸೀಗೆಪುಡಿ ಹಾಕಿ ಉಜ್ಜಿ, ರಾತ್ರಿ ಗಾಳಿಗಾಕಿ, ಬೆಳಿಗ್ಗೆ ಹಾಲ್ಗೆ ಮುಂಚೆ ಆಸ್ತಿದ್ದೆ. ಮಳೆ ಬಂದ ದಿನ ಒಲೆ ಮುಂದೆ ಒಣಗ್ಸಿವ್ನಿ."

ಧರ್ಮೇಂದ್ರನ ಕೈ ತಟ್ಟೆಯಲ್ಲೇ ನಿಂತಿತು.

"ದಿನಾನಾ ಅವ್ವ?"

"ದಿನಾ ಕಣ್ಲಾ. ನೀನೇ ಯೋಳಿದ್ಯಲ್ಲ ಕೊಳೆ ಕಾಣ್ಬಾರ್ದು ಅಂತ. ಅಷ್ಟಕ್ಕೂ ಅಷ್ಟೊಂದ್ ಕೊಳೆ ಎಲ್ಲಾಯ್ತಿತ್ತು? ರಂಗಸ್ವಾಮಿ ಗೌಡ್ರು ಯಾರ್ಗೂ ತುಳಿಯಾಕೇ ಬುಡ್ನಿಲ್ಲ. ಪಕ್ಕದಾಗೆ ಗ್ವಾಡೆ ಮಗ್ಗುಲಲ್ಲಿ ಒಂದ್ ಆಳ್ ಓಗೋವಷ್ಟು ಜಾಗ ಬುಟ್ಟಿದ್ರಲ್ಲ, ಎಲ್ಲಾರೂ ಅಲ್ಲೇ ಓಗಿ ಅಲ್ಲೇ ಬರೋರು. ನಮ್ ಹುಡ್ಗ ಮಾಡಿರೋದು, ಕಾಲಿಟ್ರೆ ನೋಡಿ ಅಂತ ಗದುರ್ಸೋರು. ದೊಡ್ಡತಾಯಮ್ಮೋರು ಗೊತ್ತಲ್ಲ, ಎಂದೂ ನಮ್ ಕೇರಿ ಕಡೆ ತಿರ್ಗಿ ನೋಡ್ದೇ ಇರೋರು, ಅವ್ರೂ ಚಪ್ಲಿ ಆಚೆ ಬುಟ್ಟು, ಸೆರಗು ಎತ್ಕಂಡು ಪಕ್ಕದಲ್ಲೇ ಓಗೋರು."

ನಾನು ಧರ್ಮೇಂದ್ರನ ಮುಖ ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ. ಅವನು ಹಾಗೇ ಬನ್ನಿ ಪರವಾಗಿಲ್ಲ ಅಂದಿದ್ದನಲ್ಲ, ತಪ್ಪಿದ್ದದ್ದು ಅಲ್ಲೇ. ನಮ್ಮ ಕಡೆ ಮನೆಯವರು ಹಾಗೇ ಬನ್ನಿ ಅಂದರೆ ಯಾವ ಮರ್ಯಾದಸ್ಥ ಚಪ್ಪಲಿ ಹಾಕಿಕೊಂಡು ಒಳಗೆ ಬರುತ್ತಾನೆ? ಅದು ಅವರು ಹೇಳುವ ಮಾತು, ಬಿಟ್ಟು ಬರುವುದು ನಮ್ಮ ನಡತೆ. ಡಿಪ್ಲೊಮಾದಲ್ಲಿ ಅದನ್ನು ಹೇಳಿಕೊಡುವುದಿಲ್ಲ, ಹೇಳಿಕೊಡಬೇಕಾದ ವಿಷಯವೂ ಅಲ್ಲ. ಅವನೂ ಅದೇ ಊರಿನಲ್ಲಿ ಹುಟ್ಟಿ ಬೆಳೆದವನು, ಕಾರ್ಖಾನೆಯ ಮಾತನ್ನು ಊರಿನಲ್ಲಿ ಆಡಿದ, ಊರು ಅದನ್ನು ಊರಿನ ಹಾಗೆ ಕೇಳಿಸಿಕೊಂಡಿತು.

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಅವನ ಅಪ್ಪನನ್ನು ಆ ಊರು ತುಳಿದಿತ್ತು, ಅಜ್ಜನನ್ನು ಅದಕ್ಕಿಂತ ಹೆಚ್ಚು ತುಳಿದಿತ್ತು. ಆ ಮನೆಯ ಹುಡುಗನಿಗೆ ಒಂದೇ ಒಂದು ಸಲ ತನ್ನ ಕೈಕೆಲಸವನ್ನು ಊರು ತುಳಿಯಬೇಕಾಗಿತ್ತು, ಚೆನ್ನಾಗಿ, ಕೆಸರುಗಾಲಿನಲ್ಲಿ. ಆಗಲೇ ಊರಿಗೆ ಅವನ ಮೇಲೆ ಗೌರವ ಬಂದುಬಿಟ್ಟಿತು. ಇದನ್ನು ನೆನೆದರೆ ಇವತ್ತಿಗೂ ನನಗೆ ನಗು ಬರುತ್ತದೆ, ಆಮೇಲೆ ಹೊಟ್ಟೆ ಉರಿಯುತ್ತದೆ.

"ಯಾಕ್ಲಾ, ಸಾರಿಗೆ ಉಪ್ ಕಮ್ಮಿ ಆಯ್ತಾ?" ಎಂದು ಸಣ್ಣಕ್ಕ ಕೇಳಿದರು.

"ಇಲ್ಲ ಕಣವ್ವ. ಚೆನ್ನಾಗೈತೆ" ಎಂದು ಅವನು ತಟ್ಟೆ ಖಾಲಿ ಮಾಡಿದ. ಹೇಗೆ ನುಂಗಿದನೋ.

ಮಾರನೆಯ ದಿನವೇ ಗೌರೀಶಂಕರರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತೆಳು ಗೋಡೆಯ ಎಳೆಯ ಮೇಲೆ ಯಾರೂ ನಡೆದಿಲ್ಲ, ಅದು ನಿಲ್ಲುವುದಿಲ್ಲ, ಯಂತ್ರ ನಿಲ್ಲಿಸಿ, ದಪ್ಪ ಗೋಡೆಯ ಬಿಲ್ಲೆ ಹಾಕೋಣ, ಅದಕ್ಕೆ ಡ್ರಮ್ಮಿನ ಪರೀಕ್ಷೆಯಾದರೂ ಇದೆ ಎಂದು ಕೇಳಿಕೊಂಡ. ಗೌರೀಶಂಕರ ಎದ್ದು ಹೋಗಿ ಬಾಗಿಲು ಹಾಕಿ ಬಂದು ಕೂತರಂತೆ.

"ನಿಮ್ಮ ತಾಯಿ ಒಗೆದು ಹಾಕಿದ್ರು ಅಂತ ನಾನು ಮೇಲಿನೋರಿಗೆ ಹೇಗೆ ಹೇಳ್ಲಿ, ನೀವೇ ಹೇಳಿ. ಮಾಲು ಹೋಗಿ ಆಗಿದೆ. ನಿಲ್ಲುತ್ತೋ ಏನೋ, ಯಾರಿಗ್ ಗೊತ್ತು? ಸುಮ್ನಿರಿ."

ಅವನು ಸುಮ್ಮನಿರಲಿಲ್ಲ. ಊಟದ ಹೊತ್ತಿನಲ್ಲಿ ನನ್ನ ಸ್ಟೋರ್ಸಿನ ಹಿಂದುಗಡೆ ತೆಳು ಗೋಡೆಯ ಒಂದು ತುಂಡು ಹಾಸಿ, ಸೇಫ್ಟಿ ಬೂಟು ಹಾಕಿಕೊಂಡು, ಮೇಲೆ ಮಣ್ಣು ಚೆಲ್ಲಿಕೊಂಡು ದಿನಾ ನಡೆದ. ಹಿಂದಕ್ಕೆ, ಮುಂದಕ್ಕೆ. ಬೇರೆಯವರನ್ನೂ ಕರೆದ. ಕೆಲವರು ನಕ್ಕು ಒಂದೆರಡು ಸುತ್ತು ಹಾಕಿ ಹೋದರು. ಸ್ವಲ್ಪ ಕಾಲದಲ್ಲೇ ಅದರ ನಡುವೆ ಎಳೆಗಳು ಮಲಗಿಬಿಟ್ಟವು, ಕೈಯಿಂದ ಎಬ್ಬಿಸಿದರೂ ಏಳಲಿಲ್ಲ. ಆದರೆ ಕೊಳೆ ಮಾತ್ರ ಕಾಣುತ್ತಿರಲಿಲ್ಲ. ಬಗ್ಗಿ ಬಡಿದರೆ ಹಿಡಿಗಟ್ಟಲೆ ಮಣ್ಣು ಉದುರುತ್ತಿತ್ತು. "ಕಾಣ್ದೇ ಇರೋ ಮಣ್ಣೇ ಇದುನ್ನ ಕೊಲ್ಲೋದು ಶಾಂತಣ್ಣ" ಅಂದ. "ಕಂಡ್ರೆ ಗುಡಿಸ್ತಾರೆ. ಕಾಣಲ್ವಲ್ಲ, ಅಲ್ಲೇ ಇರ್ತದೆ. ಕಾಲ್ ಕೆಳ್ಗೆ ಅರೀತಾ ಇರ್ತದೆ." ಆ ತುಂಡನ್ನು ಹೊತ್ತುಕೊಂಡು ಹೋಗಿ ಗೌರೀಶಂಕರರ ಮೇಜಿನ ಮುಂದೆ ಹಾಸಿದ. ಅವರು ಅದರ ಮೇಲೆ ಕಾಲಿಡದೆ ಸುತ್ತಿ ಬಳಸಿ ಹೊರಗೆ ಹೋದರು.

ಚನ್ನರಾಯಪಟ್ಟಣದ ಮಂಟಪದಲ್ಲಿ ಮದುವೆಗಳ ಸುಗ್ಗಿ ಮುಗಿಯುವಷ್ಟರಲ್ಲಿ ದೂರು ಬಂತು. ನಾವಿಬ್ಬರೂ ಹೋಗಿ ನೋಡಿದೆವು. ಬಾಗಿಲಿನಿಂದ ವೇದಿಕೆಯವರೆಗೆ, ಗದ್ದೆಯ ಹುಲ್ಲಿನ ನಡುವೆ ಜನ ಓಡಾಡಿ ಬಿದ್ದ ಕಾಲುದಾರಿಯ ಹಾಗೆ ಎಳೆ ಚಪ್ಪಟೆಯಾಗಿ ಹೋಗಿತ್ತು. ಅಲ್ಲಲ್ಲಿ ಕಿತ್ತು ಬುಡ ಕಾಣುತ್ತಿತ್ತು. ಮಂಟಪದವನು ಬಾಯಿಗೆ ಬಂದಂತೆ ಬೈದ. ಧರ್ಮೇಂದ್ರ ಕುಕ್ಕರಗಾಲಿನಲ್ಲಿ ಕೂತು ಬೆರಳಿನಿಂದ ಎಳೆ ಬಗೆದು ನೋಡುತ್ತಲೇ ಇದ್ದ. ಅರಕಲಗೂಡಿನಿಂದಲೂ ಅದೇ ದೂರು ಬಂತು.

ಆಮೇಲೆ ಕಂಪನಿಯ ಮುಖ್ಯ ಕಚೇರಿಯಿಂದ ಚಂದ್ರಶೇಖರಯ್ಯ ಎನ್ನುವವರನ್ನು ಕಳಿಸಿದರು. ವಯಸ್ಸಾದ, ನಯವಾಗಿ ಮಾತಾಡುವ ಮನುಷ್ಯ. ಈ ವಿನ್ಯಾಸದ ಕೆಲಸ ಮುಂದುವರಿಸಬೇಕೋ ಮುಚ್ಚಬೇಕೋ ಎಂದು ಹೇಳಬೇಕಾದವರು ಅವರೇ. ಹಿಂದಿನ ದಿನ ಗೌರೀಶಂಕರ ಧರ್ಮೇಂದ್ರನನ್ನು ಕರೆದು ಬುದ್ಧಿ ಹೇಳಿದರು. ಒಗೆದದ್ದು ಬಿಟ್ಟದ್ದು ಏನೂ ಬೇಡ. ಟ್ರಯಲ್ ಸರಿಯಾಗಿಯೇ ನಡೆಯಿತು, ಎರಡರಲ್ಲಿ ತೆಳುವಾದದ್ದನ್ನು ಆರಿಸಿದ್ದು ತಪ್ಪಾಯಿತು, ದಪ್ಪನೆಯದಕ್ಕೆ ಒಂದು ಅವಕಾಶ ಕೊಡಿ ಅನ್ನಬೇಕು. ಯಾರೂ ತುಳಿದೇ ಇಲ್ಲ ಎಂದು ಗೊತ್ತಾದರೆ ಇಡೀ ಟ್ರಯಲ್ಲೇ ಸುಳ್ಳು ಎಂದಾಗುತ್ತದೆ, ಎರಡನ್ನೂ ಒಟ್ಟಿಗೆ ಕಸಕ್ಕೆ ಹಾಕುತ್ತಾರೆ.

ಧರ್ಮೇಂದ್ರ ಒಪ್ಪಿದ. ದಪ್ಪ ಗೋಡೆಯ ಎಳೆ ನಿಲ್ಲುತ್ತದೆ ಎನ್ನುವುದು ಅವನಿಗೆ ಖಂಡಿತವಾಗಿ ಗೊತ್ತಿತ್ತು. ಹೇಗಾದರೂ ಮಾಡಿ ಅದನ್ನೊಮ್ಮೆ ದೊಡ್ಡ ಯಂತ್ರದಲ್ಲಿ ಓಡಿಸಿದರೆ ಸಾಕು, ಮಿಕ್ಕಿದ್ದನ್ನು ಜನರ ಕಾಲೇ ಹೇಳುತ್ತದೆ ಎಂದುಕೊಂಡ. "ಹಾಗಾದ್ರೆ ಊರಿನೋರಿಗೂ ಒಂದ್ ಮಾತು ಹೇಳಿಡು, ಎಲ್ಲಾರೂ ತುಳಿದ್ರು ಅನ್ಲಿ" ಅಂದೆ ನಾನು.

"ರಂಗಸ್ವಾಮಿಯೋರಿಗೆ ಹೇಳ್ಬೋದು ಅಣ್ಣ. ಅವ್ವಂಗೆ ಹೆಂಗ್ ಹೇಳ್ಲಿ? ಯಾಕೆ ಹಂಗನ್ಬೇಕು ಅಂತ ಕೇಳ್ತಾಳೆ. ಹೇಳಿದ್ರೆ..."

ರಂಗಸ್ವಾಮಿಗಷ್ಟೇ ಫೋನು ಮಾಡಿ ಹೇಳಿಟ್ಟ. ಅವ್ವನನ್ನು ಯಾರೂ ಕೇಳುವುದಿಲ್ಲ, ಅಂಥ ದೊಡ್ಡವರು ನೆಲ ತೊಳೆಯುವವಳ ಹತ್ತಿರ ಯಾಕೆ ಮಾತಾಡುತ್ತಾರೆ ಎನ್ನುವ ಭರವಸೆ ಅವನಿಗೆ. ಎಂಥ ಭರವಸೆ ನೋಡಿ.

ಚಂದ್ರಶೇಖರಯ್ಯನವರು ಆ ಜಾಗ ನೋಡಬೇಕು ಅಂದರು. ಮಧ್ಯಾಹ್ನ ಅವರು, ಗೌರೀಶಂಕರ, ನಾವಿಬ್ಬರು ಕಾರಿನಲ್ಲಿ ಹೋದೆವು. ಡೈರಿಯ ಮುಂದೆ ಕುರ್ಚಿ ಹಾಕಿಸಿ ರಂಗಸ್ವಾಮಿ ಎಳನೀರು ಕೊಚ್ಚಿಸಿ ಕಾಯುತ್ತಿದ್ದರು. ದೊಡ್ಡ ಆಫೀಸರು ಬರುತ್ತಾರೆಂದು ಊರಿನ ಕೆಲವರೂ ಬಂದಿದ್ದರು. ಸಣ್ಣಕ್ಕ ತೊಳೆದ ಕ್ಯಾನುಗಳನ್ನು ಬೋರಲು ಹಾಕಿ, ಕೈ ಒರೆಸಿಕೊಂಡು ಗೋಡೆಯ ಪಕ್ಕ ನಿಂತರು.

"ಇಲ್ಲಿ ಜನ ಓಡಾಡಿದ್ರಾ ಅದರ ಮೇಲೆ?" ಎಂದು ಕೇಳಿದರು ಚಂದ್ರಶೇಖರಯ್ಯ.

ರಂಗಸ್ವಾಮಿ ಧರ್ಮೇಂದ್ರನ ಮುಖ ನೋಡಿ, "ಓ, ಊರೇ ಓಡಾಡೈತೆ ಸಾ" ಅಂದರು. ಅವರಿಗೆ ಸುಳ್ಳು ಸರಾಗವಾಗಿ ಬರಲಿಲ್ಲ, ಕೊನೆಗೆ ಕೆಮ್ಮಿದರು.

"ಮತ್ತೆ ಇಲ್ಲಿ ನಿಂತದ್ದು ಚನ್ನರಾಯಪಟ್ಟಣದಲ್ಲಿ ಯಾಕೆ ನಿಲ್ಲಲಿಲ್ಲ?"

ಧರ್ಮೇಂದ್ರ ನೆಲ ನೋಡುತ್ತಾ, ಕಲಿತದ್ದನ್ನು ಒಪ್ಪಿಸಿದ. "ನನ್ನದೇ ತಪ್ಪು ಸರ್. ನಾನು ಆರಿಸಿದ ಎಳೆ ಸರಿ ಇರಲಿಲ್ಲ, ದಪ್ಪನೆಯದನ್ನ ಆರಿಸಬೇಕಿತ್ತು. ಕೊಳೆ ತಡೆಯೋ ಶಕ್ತಿ ಅದಕ್ಕಿಲ್ಲ. ನನ್ನ ಕೆಲಸ ಕೆಟ್ಟಿದೆ."

ಸಣ್ಣಕ್ಕ ಮುಂದೆ ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಹಾಗೇ ಇತ್ತು.

"ಸುಳ್ ಯೋಳ್ತಾನೆ ಸಾ, ಹೆದ್ರುಕಂಡು" ಅಂದರು. "ಅವನ್ ಕೆಲ್ಸ ಕೆಟ್ಟಿಲ್ಲ. ಕೊಳೆ ಎಲ್ಲಿತ್ತು ಅದ್ರಲ್ಲಿ? ದಿನಾ ನಾನೇ ಕೈಯಾರೆ ತೊಳ್ದಿವ್ನಿ. ಒಂದ್ ಕಾಲ್ ಬೀಳ್ದಂಗೆ ಕಾದಿವ್ನಿ. ಬೇಕಾದ್ರೆ ಕೇಳಿ ಇವ್ರನ್ನ, ಯಾರಾದ್ರೂ ಒಬ್ರು ತುಳ್ದವ್ರಾ ಅಂತ. ದೇವ್ರು ಮಡಗ್ದಂಗೆ ಮಡಗಿದ್ದೋ ಸಾ."

ನಿಂತಿದ್ದವರೆಲ್ಲಾ ಹೌದು ಹೌದು ಅಂದರು. ಒಬ್ಬ ಚಪ್ಪಲಿ ಆಚೆ ಬಿಡುತ್ತಿದ್ದ ಜಾಗ ತೋರಿಸಿದ. ಇನ್ನೊಬ್ಬಳು ಗೋಡೆಯ ಮಗ್ಗುಲಲ್ಲಿ ಹೇಗೆ ಓರೆಯಾಗಿ ನಡೆಯುತ್ತಿದ್ದೆವು ಎಂದು ನಡೆದೇ ತೋರಿಸಿದಳು. ರಂಗಸ್ವಾಮಿಗೆ ತಡೆಯುವುದೋ ಬಿಡುವುದೋ ತಿಳಿಯಲಿಲ್ಲ. ನಮ್ಮ ಹುಡುಗನಿಗೆ ಸಹಾಯ ಮಾಡುತ್ತಿದ್ದೇವೆ ಎಂದು ಅವರೆಲ್ಲರ ಮುಖದಲ್ಲೂ ಸಂತೋಷವಿತ್ತು. ಗೌರೀಶಂಕರ ಕಾರಿನ ಕಡೆ ನೋಡುತ್ತಿದ್ದರು.

ಚಂದ್ರಶೇಖರಯ್ಯ ಸಣ್ಣಕ್ಕನ ಕಡೆ ತಿರುಗಿದರು. ಬೈಯಲಿಲ್ಲ. "ಒಳ್ಳೇದಮ್ಮ, ಗೊತ್ತಾಯ್ತು" ಎಂದು ಕೈ ಮುಗಿದು ಎದ್ದರು. ಕಾರಿನ ಹತ್ತಿರ ಬಂದು ಧರ್ಮೇಂದ್ರನ ಹೆಗಲ ಮೇಲೆ ಕೈಯಿಟ್ಟು, "ಎರಡನ್ನೂ ಯಾರೂ ತುಳಿದಿಲ್ಲ ಅಂದ್ಮೇಲೆ ಇನ್ನೊಂದನ್ನ ನಂಬಿ ಅಂತ ನಾನು ಯಾರಿಗೆ ಹೇಳ್ಲಿ ಕಣಪ್ಪ? ನನ್ನ ಕೈಲಿಲ್ಲ. ಇದನ್ನ ಇಲ್ಲಿಗೆ ಮುಚ್ಚೋಣ" ಅಂದರು. ನಾಳೆಯಿಂದ ಅವನು ಪ್ಯಾಕಿಂಗ್ ವಿಭಾಗದಲ್ಲಿರಲಿ ಎಂದು ಗೌರೀಶಂಕರ ಸೇರಿಸಿದರು. ಕಾರು ಹೋಯಿತು. ನಾವಿಬ್ಬರೂ ಬಸ್ಸಿಗೆ ಬರುತ್ತೇವೆಂದು ಉಳಿದುಕೊಂಡೆವು.

ಜನ ಚದುರಿದರು. ಸಣ್ಣಕ್ಕ ಮಗನ ಹತ್ತಿರ ಬಂದು ನಿಂತರು. ಏನೋ ಕೆಟ್ಟಿದೆ ಎಂದು ಆಕೆಗೆ ಗೊತ್ತಾಗಿತ್ತು, ಏನು ಎಂದು ಗೊತ್ತಾಗಿರಲಿಲ್ಲ. ನೀರಿನಲ್ಲಿ ನೆನೆದು ಬೆಳ್ಳಗಾಗಿದ್ದ ಬೆರಳುಗಳಿಂದ ಅವನ ತೋಳು ಹಿಡಿದುಕೊಂಡರು.

"ಯಾಕ್ ಮಗ, ಕೊಳೆ ಉಳ್ಕಂಡಿತ್ತಾ ಎಲ್ಲಾರಾ? ನಾನ್ ಇನ್ನೊಂಚೂರು ಚೆನ್ನಾಗ್ ತೊಳೀಬೇಕಿತ್ತಾ?"

ಧರ್ಮೇಂದ್ರ ಆಕೆಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಇಲ್ಲ ಕಣವ್ವ. ಚೆನ್ನಾಗೇ ತೊಳ್ದಿದ್ದೆ."